ಹದಿಮೂರೋ, ಹದಿನಾಲ್ಕೋ?

ನಮ್ಮ ಮನೆಗಳಲ್ಲಿ ಇಂಚಿನ ಲೆಕ್ಕ ಶುರುವಾಗಿದ್ದು ಟಿವಿಯಿಂದ. ಪಕ್ಕದ ಮನೆಯಲ್ಲಿ 32 ಇಂಚು ಇದ್ದರೆ ನಮ್ಮಲ್ಲಿ 43 ಇರಬೇಕು, ಅವರು 43 ತಂದರೆ ನಾವು 55ರ ಬೆಲೆ ವಿಚಾರಿಸಬೇಕು. ಟಿವಿ ವಿಷಯದಲ್ಲಿ ಇದು ನಡೆಯುತ್ತೆ. ಗೋಡೆಗೆ ತೂಗು ಹಾಕಿದ ಮೇಲೆ ಅದರ ಭಾರ ಗೋಡೆಯದು, ನಮ್ಮದಲ್ಲ. ಲ್ಯಾಪ್‌ಟಾಪಿನ ಕತೆ ಹಾಗಲ್ಲ. ಇಲ್ಲಿ ಕಣ್ಣು ದೊಡ್ಡದು ಬೇಕು ಅನ್ನುತ್ತೆ, ಭುಜ ಚಿಕ್ಕದೇ ಸಾಕು ಅನ್ನುತ್ತೆ. ಎರಡರ ನಡುವೆ ಪಂಚಾಯ್ತಿ ಮಾಡೋ ಕೆಲಸ ನಮ್ಮದು.

ನನ್ನ ಪಾಲಿಗೆ ಈ ಪಂಚಾಯ್ತಿ ಬಂದಿದ್ದು ಕಳೆದ ವರ್ಷ. ನಮ್ಮ ಆಫೀಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಾಯಿಸಿ ಕೊಡುತ್ತಾರೆ. ಈ ಸಲ ಫಾರ್ಮ್‌ನಲ್ಲಿ ಇದ್ದದ್ದು ಎರಡೇ ಆಯ್ಕೆ. ಒಂದು 13.3 ಇಂಚು, ತೂಕ 1.2 ಕೆ.ಜಿ. ಇನ್ನೊಂದು 14 ಇಂಚು, ತೂಕ 1.4 ಕೆ.ಜಿ. ಒಳಗಿನ ಪ್ರೊಸೆಸರ್, ಮೆಮೊರಿ ಎಲ್ಲಾ ಒಂದೇ. ಒಂದು ಸಲ ಟಿಕ್ ಮಾಡಿದರೆ ಮುಂದಿನ ನಾಲ್ಕು ವರ್ಷ ಅದೇ ಗತಿ. ಟೀಮಿನ ಹುಡುಗರು ಕಾಫಿ ಕುಡಿಯುತ್ತಾ ಎರಡು ನಿಮಿಷದಲ್ಲಿ ಫಾರ್ಮ್ ತುಂಬಿಸಿ ಮುಗಿಸಿದರು. ನಾನು ಕೊನೇ ದಿನದವರೆಗೂ ಇಟ್ಟುಕೊಂಡು ಕೂತೆ. ಅದಕ್ಕೆ ಕಾರಣ ಇತ್ತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಬೆಂಗಳೂರಿಗೆ ಬಂದುಬಿಡು ಅಂದರೆ, “ಇಲ್ಲಿ ಹಸು ಯಾರು ನೋಡ್ತಾರೆ?” ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ನಾನೇ ರಾತ್ರಿ ಬಸ್ ಹತ್ತುತ್ತೇನೆ. ನಾಲ್ಕೈದು ದಿನ ಊರಲ್ಲೇ ಕೂತು ಕೆಲಸ ಮಾಡಿ ವಾಪಸ್ ಬರುತ್ತೇನೆ. ಮ್ಯಾನೇಜರ್ ಒಪ್ಪಿದ್ದಾರೆ, ಆದರೆ ಕೆಲಸ ನಿಧಾನ ಆಗಬಾರದು. ಊರಿನಲ್ಲಿ ಕೂತಾಗ ಕಣ್ಣು ಸೋತು ಕೆಲಸ ಹಿಂದೆ ಬಿದ್ದರೆ ಈ ವ್ಯವಸ್ಥೆ ನಿಲ್ಲುತ್ತೆ. ಚೀಲದ ಭಾರಕ್ಕೆ ಬೆನ್ನು ಹಿಡಿದುಕೊಂಡರೂ ನಿಲ್ಲುತ್ತೆ. ಹಳೇ ಲ್ಯಾಪ್‌ಟಾಪ್ 15.6 ಇಂಚಿನದು, ಇಟ್ಟಿಗೆಯಂಥ ಚಾರ್ಜರ್ ಸೇರಿಸಿ ಎರಡೂವರೆ ಕೆ.ಜಿ. ತೂಗುತ್ತಿತ್ತು. ಸಾಗರದಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು, ಆಮೇಲೆ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಬಲಭುಜ ನನ್ನದಲ್ಲ ಅನ್ನಿಸುತ್ತಿತ್ತು. ಅಮ್ಮನನ್ನು ನೋಡಲು ಎಷ್ಟು ಸಲ ಹೋಗುತ್ತೇನೆ ಅನ್ನೋದು ಈ ಯಂತ್ರದ ಮೇಲೂ ನಿಂತಿತ್ತು. ಹಾಗಾಗಿ ಎರಡು ನಿಮಿಷದಲ್ಲಿ ಟಿಕ್ ಮಾಡಲು ಮನಸ್ಸು ಬರಲಿಲ್ಲ.

ಮೊದಲು ಇಂಚಿನ ವಿಷಯ. ಲ್ಯಾಪ್‌ಟಾಪಿನ ಇಂಚು ಅಂದರೆ ಪರದೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣ. ಕರ್ಣ ಒಂದೇ ಇದ್ದರೂ ಆಕಾರ ಬೇರೆ ಇರಬಹುದು. ಸಿನಿಮಾ ನೋಡಲು ಚೆನ್ನಾಗಿರುವ ಅಗಲವಾದ ಆಕಾರಕ್ಕೆ 16:9 ಅನ್ನುತ್ತಾರೆ. ಅದಕ್ಕಿಂತ ಸ್ವಲ್ಪ ಎತ್ತರವಾದದ್ದು 16:10. ಇನ್ನೂ ಎತ್ತರವಾಗಿ, ಪುಸ್ತಕದ ಪುಟಕ್ಕೆ ಹತ್ತಿರವಾದದ್ದು 3:2. ಹೈಸ್ಕೂಲಿನ ಪೈಥಾಗೊರಸ್ ನೆನಪಿದ್ದರೆ ಉಳಿದದ್ದನ್ನು ನೀವೇ ಲೆಕ್ಕ ಹಾಕಬಹುದು.

ನಾನು ಹಾಕಿದ ಲೆಕ್ಕ ಹೀಗಿದೆ. 15.6 ಇಂಚಿನ 16:9 ಪರದೆಯ ಅಗಲ 34.5 ಸೆಂ.ಮೀ., ಎತ್ತರ 19.4 ಸೆಂ.ಮೀ. 14 ಇಂಚಿನ 16:10 ಪರದೆಯ ಅಗಲ 30.2, ಎತ್ತರ 18.8. ಅಂದರೆ ಅಗಲದಲ್ಲಿ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಕಡಿಮೆಯಾದರೂ ಎತ್ತರದಲ್ಲಿ ಹೋಗಿದ್ದು ಬರೀ ಆರು ಮಿಲಿಮೀಟರ್! 3:2 ಆಕಾರದ 13.5 ಇಂಚಿನ ಪರದೆಯಾದರೆ ಎತ್ತರ 19 ಸೆಂ.ಮೀ., ಹೆಚ್ಚುಕಡಿಮೆ ದೊಡ್ಡ ಲ್ಯಾಪ್‌ಟಾಪಿನಷ್ಟೇ. ಅದೇ 13.3 ಇಂಚಿನ ಹಳೇ 16:9 ಪರದೆಯ ಎತ್ತರ ಮಾತ್ರ 16.6ಕ್ಕೆ ಇಳಿಯುತ್ತೆ. ಓದುವುದು, ಬರೆಯುವುದು, ಕೋಡ್ ನೋಡುವುದು, ಎಕ್ಸೆಲ್ ತುಂಬಿಸುವುದು ಎಲ್ಲಾ ಮೇಲಿನಿಂದ ಕೆಳಕ್ಕೆ ಸಾಗೋ ಕೆಲಸ. ಅಲ್ಲಿ ಬೇಕಾಗೋದು ಎತ್ತರ. ಅಂಗಡಿಯವರು ಹೇಳೋದು ಮಾತ್ರ ಕರ್ಣ. “ಹದಿಮೂರು ಇಂಚು ತುಂಬಾ ಚಿಕ್ಕದು ಮೇಡಂ” ಅಂತ ಯಾರಾದರೂ ಅಂದರೆ, “ಯಾವ ಆಕಾರದ ಹದಿಮೂರು?” ಅಂತ ಒಂದು ಮಾತು ಕೇಳಿ.

ಇಷ್ಟು ಚಿಕ್ಕ ಯಂತ್ರಗಳಿಗೂ ಒಂದು ಇತಿಹಾಸ ಇದೆ. 2007ರಲ್ಲಿ ಏಸಸ್ ಕಂಪನಿ ಈ ಪಿಸಿ ಅಂತ 7 ಇಂಚಿನ ಪುಟ್ಟ ಯಂತ್ರ ತಂದಾಗ ನೆಟ್‌ಬುಕ್ ಹುಚ್ಚು ಶುರುವಾಯಿತು. 2008ರಲ್ಲಿ ಆಪಲ್‌ನ ಮೊದಲ ಮ್ಯಾಕ್‌ಬುಕ್ ಏರ್ 13.3 ಇಂಚಿನಲ್ಲಿ ಬಂತು. 2010ರಲ್ಲಿ ಅದರದ್ದೇ 11 ಇಂಚಿನ ತಂಗಿ ಬಂದಳು. 2015ರಲ್ಲಿ ಒಂದು ಕೆ.ಜಿ.ಗೂ ಕಡಿಮೆ ತೂಕದ 12 ಇಂಚಿನ ಮ್ಯಾಕ್‌ಬುಕ್ ಬಂತು, 2019ರಲ್ಲಿ ನಿಂತೂ ಹೋಯಿತು. ಅದೇ 2015ರಲ್ಲಿ ಡೆಲ್‌ನವರು ಎಕ್ಸ್‌ಪಿಎಸ್ 13ರಲ್ಲಿ ಪರದೆ ಸುತ್ತಲಿನ ಕಪ್ಪು ಅಂಚನ್ನು ತೆಳ್ಳಗೆ ಮಾಡಿದರು. ಅಂಚು ಸವೆದಂತೆ ಮುಂಚಿನ ಮೈಯಲ್ಲೇ ದೊಡ್ಡ ಪರದೆ ಕೂರಲು ಜಾಗ ಆಯಿತು. ಈಗ 14 ಇಂಚಿನದು ಹಿಂದಿನ 13 ಇಂಚಿನವುಗಳಿಗೆ ಹೊಲಿಸಿದ್ದ ಬ್ಯಾಗಿನಲ್ಲೇ ಎಷ್ಟೋ ಸಲ ಕೂರುತ್ತೆ. ಹನ್ನೊಂದು, ಹನ್ನೆರಡು ಇಂಚಿನವು ಅಂಗಡಿಯಲ್ಲಿ ಅಪರೂಪ ಆಗೋದಕ್ಕೆ ಇದೂ ಒಂದು ಕಾರಣ. ಬರೀ ಚಿಕ್ಕದಾಗಿ ಇರೋದರಿಂದ ಸಿಗೋ ಲಾಭ ಕರಗಿಹೋಯಿತು.

ಲೆಕ್ಕ ಆಯಿತು. ಆದರೆ ಸೆಂಟಿಮೀಟರ್ ಕಾಗದದ ಮೇಲೆ ಇದ್ದರೆ ಕಣ್ಣಿಗೆ ಅರ್ಥ ಆಗಲ್ಲ. ಹಾಗಾಗಿ ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ ಕತ್ತರಿಸಿ ಎರಡು ಚೌಕಟ್ಟು ಮಾಡಿದೆ. ಒಂದಕ್ಕೆ 13.3 ಇಂಚಿನ 16:10 ಪರದೆಯ ಅಳತೆ, ಅಂದರೆ 28.6 ಸೆಂ.ಮೀ. ಅಗಲ, 17.9 ಸೆಂ.ಮೀ. ಎತ್ತರ. ಇನ್ನೊಂದಕ್ಕೆ 14 ಇಂಚಿನ ಅಳತೆ. ಹಳೇ 15.6ರ ಪರದೆ ಎರಡಕ್ಕಿಂತಲೂ ದೊಡ್ಡದು. ಹಾಗಾಗಿ ಚೌಕಟ್ಟನ್ನು ಅದರ ಮೇಲೆ ಟೇಪಿನಿಂದ ಅಂಟಿಸಿ, ಕಿಟಕಿಗಳನ್ನೆಲ್ಲ ಅದರೊಳಗೆ ಹಿಡಿಯುವಂತೆ ಎಳೆದು ಒಂದು ದಿನ ಅದರಲ್ಲಿ, ಒಂದು ದಿನ ಇದರಲ್ಲಿ ಕೆಲಸ ಮಾಡಿದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆ ಇರೋರು ಇದನ್ನು ಮಾಡಿ ನೋಡಿ. ಖರ್ಚು ಇಲ್ಲ. ಅಂಗಡಿಯಲ್ಲಿ ನಿಂತುಕೊಂಡು ಹತ್ತು ನಿಮಿಷ ನೋಡಿದರೆ ಗೊತ್ತಾಗದ್ದು ಇಲ್ಲಿ ಮಧ್ಯಾಹ್ನದ ಹೊತ್ತಿಗೆ ಗೊತ್ತಾಗುತ್ತೆ.

ನನಗೆ ಗೊತ್ತಾಗಿದ್ದು ಇಷ್ಟು. 14 ಇಂಚಿನದರ ವಿಸ್ತೀರ್ಣ 13.3ರದಕ್ಕಿಂತ ಶೇಕಡಾ 11ರಷ್ಟು ಹೆಚ್ಚು. ಕೇಳೋಕೆ ದೊಡ್ಡದೇ. ಆದರೆ ಅಕ್ಷರದ ಗಾತ್ರ ಒಂದೇ ಇಟ್ಟುಕೊಂಡರೆ ನನ್ನ ಕೆಲಸದಲ್ಲಿ ಅದು ಹೆಚ್ಚು ಕೊಡೋದು ಎರಡು ಸಾಲು ಮಾತ್ರ. ಎರಡು ಸಾಲಿಗೆ 200 ಗ್ರಾಂ. ಅಮ್ಮ ವಾಪಸ್ ಬರುವಾಗ ಕಟ್ಟಿಕೊಡೋ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಇದಕ್ಕಿಂತ ಭಾರ ಇರುತ್ತೆ, ಅದನ್ನು ಬೇಡ ಅಂದಿದ್ದಿಲ್ಲ. ಎರಡೂ ದಿನ ಸಂಜೆ ನಾಲ್ಕರ ಹೊತ್ತಿಗೆ ಕಣ್ಣು ಒಂದೇ ಥರ ಉರಿಯಿತು, ಕುತ್ತಿಗೆಯೂ ಒಂದೇ ಥರ ಹಿಡಿಯಿತು. ಅಲ್ಲಿಗೆ ನನಗೊಂದು ವಿಷಯ ಸ್ಪಷ್ಟ ಆಯಿತು. ಆರಾಮದ ಪ್ರಶ್ನೆ 13ಕ್ಕೂ 14ಕ್ಕೂ ನಡುವೆ ಇಲ್ಲ, ಬೇರೆಲ್ಲೋ ಇದೆ.

ಮೊದಲನೆಯದು ಅಕ್ಷರದ ಗಾತ್ರ. ಚಿಕ್ಕ ಪರದೆಯಲ್ಲಿ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು, ಹತ್ತಿರ ಹತ್ತಿರ ಇರುತ್ತವೆ. 1920 ಅಡ್ಡ ಚುಕ್ಕೆಗಳನ್ನು 24 ಇಂಚಿನ ಮಾನಿಟರಿನಲ್ಲಿ ಹರಡಿದರೆ ಒಂದು ಇಂಚಿಗೆ 92 ಬರುತ್ತವೆ. ಅಷ್ಟನ್ನೇ 13.3ರಲ್ಲಿ ತುರುಕಿದರೆ 170ರ ಹತ್ತಿರ. ಚಿತ್ರ ನುಣ್ಣಗೆ ಕಾಣುತ್ತೆ, ಅಕ್ಷರ ಇರುವೆಯಾಗುತ್ತೆ. ಅದಕ್ಕೇ ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಸ್ಕೇಲ್ ಅನ್ನೋದನ್ನು 125 ಅಥವಾ 150 ಪರ್ಸೆಂಟ್ ಮಾಡಿಕೊಳ್ಳೋದು. ಮಾಡಿಕೊಂಡರೆ ಅಕ್ಷರ ದೊಡ್ಡದಾಗುತ್ತೆ, ಅದಕ್ಕೆ ತಕ್ಕಂತೆ ಪರದೆಯಲ್ಲಿ ಹಿಡಿಯೋ ಸಾಲು ಕಡಿಮೆ ಆಗುತ್ತೆ. ಎರಡೂ ಬೇಕು ಅಂದರೆ ಆಗಲ್ಲ. ಚಿಕ್ಕ ಪರದೆ ಕೊಂಡು ಸ್ಕೇಲ್ ಮುಟ್ಟದೆ, “ಎಷ್ಟೊಂದು ಹಿಡಿಯುತ್ತೆ ನೋಡು” ಅಂತ ಖುಷಿಪಡೋರ ಖುಷಿಗೆ ಸಂಜೆ ಹೊತ್ತಿಗೆ ಕಣ್ಣು ಬೆಲೆ ಕಟ್ಟುತ್ತೆ.

ಕನ್ನಡ ಓದೋರಿಗೆ ಇದು ಇನ್ನೂ ಮುಖ್ಯ. ಇಂಗ್ಲಿಷ್ ಅಕ್ಷರಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. ಪ, ಷ, ಫ ಮೂರರ ನಡುವೆ, ದ, ಧ, ಥ ಮೂರರ ನಡುವೆ ಇರೋದು ಒಂದು ಸಣ್ಣ ಗೆರೆ, ಒಂದು ಚುಕ್ಕಿಯ ವ್ಯತ್ಯಾಸ. ಇಂಗ್ಲಿಷಿಗೆ ಸಾಕಾಗೋ ಗಾತ್ರದಲ್ಲಿ ಒತ್ತಕ್ಷರ ಎಲ್ಲಾ ಮುದ್ದೆ ಕಟ್ಟಿಕೊಂಡು ಕಾಣುತ್ತವೆ. ಇಡೀ ದಿನ ಇಂಗ್ಲಿಷ್ ಕೋಡ್ ನೋಡೋ ನನಗೆ ಇದು ತಟ್ಟಿದ್ದು ಅಪ್ಪನ ಹೆಸರಿನ ಜಮೀನಿನ ಪೌತಿ ಖಾತೆ ಓಡಾಟದಲ್ಲಿ. ಭೂಮಿ ವೆಬ್‌ಸೈಟಿನಲ್ಲಿ ಪಹಣಿ ತೆಗೆದು ಅಮ್ಮನಿಗೆ ತೋರಿಸುತ್ತಿದ್ದೆ. ಸಣ್ಣ ಸಣ್ಣ ಕಾಲಂ, ಅದರೊಳಗೆ ಹೆಸರು, ವಿಸ್ತೀರ್ಣ, ಬೆಳೆ. ಅಮ್ಮ ಚಾಳೀಸು ಹಾಕಿಕೊಂಡು ಹತ್ತಿರ ಬಂದಳು, ದೂರ ಹೋದಳು, ತಲೆ ಹಿಂದಕ್ಕೆ ಎತ್ತಿ ಕನ್ನಡಕದ ಕೆಳಭಾಗದಿಂದ ನೋಡಿದಳು.

“ಇದರಲ್ಲಿ ನಿನ್ನ ಅಪ್ಪನ ಹೆಸರು ಎಲ್ಲಿದ್ಯೇ?”

“ಇಲ್ಲೇ ಇದೆಯಲ್ಲಮ್ಮ, ನೋಡು.”

“ನೀನು ಇದೆ ಅಂದರೆ ಇದೆ. ನಂಗೆ ಕಾಣ್ತಾ ಇಲ್ಲ.”

ಆ ಮಾತು ನನಗೆ ಸಣ್ಣದಾಗಿ ಚುಚ್ಚಿತು. ಅವಳದೇ ತೋಟ, ಅವಳ ಗಂಡನ ಹೆಸರು, ಅದನ್ನು ಅವಳು ನನ್ನ ಮಾತಿನ ಮೇಲೆ ನಂಬಬೇಕು. ಓದುವ ಕನ್ನಡಕ ಮಾಡೋದು ಕೈಯಲ್ಲಿ ಪುಸ್ತಕ ಹಿಡಿಯೋ ದೂರಕ್ಕೆ, ಸುಮಾರು 40 ಸೆಂ.ಮೀ. ಲ್ಯಾಪ್‌ಟಾಪ್ ಪರದೆ ಇರೋದು ಅದಕ್ಕಿಂತ ಒಂದು ಗೇಣು ಆಚೆ. ಆ ದೂರಕ್ಕೆ ಆ ಕನ್ನಡಕ ಅಲ್ಲ. ಹಾಗಾಗಿ ವಯಸ್ಸಾದವರ ಜೊತೆ ಕೂತು ನೋಡೋ ಪರದೆ ಅಂದರೆ, ಆಯ್ಕೆ ಮಾಡುವಾಗ ನಮ್ಮ ಮೂವತ್ತು ವರ್ಷದ ಕಣ್ಣಿನ ಲೆಕ್ಕ ಒಂದೇ ಸಾಲದು.

ಎರಡನೆಯದು ಕುತ್ತಿಗೆ. ಲ್ಯಾಪ್‌ಟಾಪ್ ಅನ್ನೋ ವಸ್ತುವಿನ ರಚನೆಯಲ್ಲೇ ಒಂದು ತೊಡಕಿದೆ. ಪರದೆ ಮತ್ತು ಕೀಬೋರ್ಡ್ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾದ ಎತ್ತರದಲ್ಲಿಟ್ಟರೆ ಕಣ್ಣಿಗೆ ತಗ್ಗಾಗುತ್ತೆ, ಕಣ್ಣಿನ ಮಟ್ಟಕ್ಕೆ ಎತ್ತಿದರೆ ಕೈ ಗಾಳಿಯಲ್ಲಿ ನಿಲ್ಲುತ್ತೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ, ಒಂದು ತೋಳಿನ ದೂರದಲ್ಲಿ ಇರಬೇಕು ಅನ್ನೋದು ಸಾಮಾನ್ಯವಾಗಿ ಹೇಳೋ ಮಾತು. 13 ಇಂಚಿನದಾಗಲಿ, 16 ಇಂಚಿನದಾಗಲಿ, ಬರೀ ಮೇಜಿನ ಮೇಲಿಟ್ಟರೆ ಯಾವುದೂ ಆ ಎತ್ತರ ಮುಟ್ಟಲ್ಲ. ಚಿಕ್ಕದರಲ್ಲಿ ಇನ್ನಷ್ಟು ಬಗ್ಗುತ್ತೇವೆ, ಅಷ್ಟೇ.

ಊರಲ್ಲಿ ಇದಕ್ಕೆ ಮೊದಲು ನಾನು ಮಾಡಿದ ಏರ್ಪಾಡು, ಅಪ್ಪನ ದಪ್ಪ ನಿಘಂಟುಗಳನ್ನು ಪೇರಿಸಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೇರೆ ಕೀಬೋರ್ಡ್ ಚುಚ್ಚಿಕೊಳ್ಳೋದು. ಅಮ್ಮ ಮುಖ ಗಂಟಿಕ್ಕಿದಳು. “ಪುಸ್ತಕದ ಮೇಲೆ ಇಡಬೇಡ, ಇದನ್ನ ತಗೋ” ಅಂತ ಊಟಕ್ಕೆ ಕೂರೋ ಹಲಸಿನ ಮಣೆ ತಂದುಕೊಟ್ಟಳು. ಮಣೆ ಮೇಲೆ ಮಣೆ, ಅದರ ಮೇಲೆ ಲ್ಯಾಪ್‌ಟಾಪ್. ಅಂಗಡಿಯ ಸ್ಟ್ಯಾಂಡಿಗಿಂತ ಗಟ್ಟಿ, ಅಲ್ಲಾಡಲ್ಲ. ಕೀಬೋರ್ಡ್, ಮೌಸ್ ಎರಡನ್ನೂ ಅಲ್ಲೇ ಬಿಟ್ಟು ಬಂದೆ. ಅವಾಗ ಹೊಳೆದಿದ್ದು: ಕೀಬೋರ್ಡನ್ನು ಅಲ್ಲೇ ಬಿಡಬಹುದು ಅಂದರೆ ಪರದೆಯನ್ನೂ ಬಿಡಬಹುದಲ್ಲ? ದೊಡ್ಡ ಪರದೆ ಬೇಕಾಗಿರೋದು ಬೆಂಗಳೂರಿನ ಮೇಜಿನ ಮುಂದೆ ಮತ್ತು ಊರಿನ ಮೇಜಿನ ಮುಂದೆ. ನಡುವಿನ ರಾತ್ರಿ ಬಸ್ಸಿನಲ್ಲಿ ಯಾರಿಗೆ ಬೇಕು? ಹೊತ್ತು ತಿರುಗಬೇಕಾಗಿರೋದು ಯಂತ್ರ, ಪರದೆ ಅಲ್ಲ.

ಇದಕ್ಕೆ ಒಂದು ಅಡ್ಡಿ ಇತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕತೆ ಗೊತ್ತಲ್ಲ, ಒಂದು ಮರ ಬಿದ್ದರೆ ಎರಡು ದಿನ. ಮಾನಿಟರ್ ಅವಾಗ ಬರೀ ಕಪ್ಪು ಹಲಗೆ. ಇನ್ವರ್ಟರ್ ಇರೋದು ರಾತ್ರಿ ಎರಡು ದೀಪಕ್ಕೆ, ರೌಟರಿಗೆ. ಆ ದಿನಗಳಲ್ಲಿ ಬರೀ ಚಿಕ್ಕ ಪರದೆಯಲ್ಲೇ ಕೆಲಸ ಸಾಗಬೇಕು. ರಟ್ಟಿನ ಚೌಕಟ್ಟಿನ ದಿನಗಳು ನನಗೆ ಅದನ್ನೇ ಹೇಳಿಕೊಟ್ಟಿದ್ದವು. ಒಂದು ಸಲಕ್ಕೆ ಒಂದೇ ಕಿಟಕಿ ಪೂರ್ತಿ ತೆರೆದು, ಪಕ್ಕದ ಪಟ್ಟಿಗಳನ್ನೆಲ್ಲ ಮುಚ್ಚಿ, ಕೆಳಗಿನ ಟಾಸ್ಕ್‌ಬಾರ್ ತಾನೇ ಅಡಗುವಂತೆ ಮಾಡಿದರೆ 13.3ರಲ್ಲೂ ದಿನ ಕಳೆಯಬಹುದು. ಎರಡು ಕಡತ ಅಕ್ಕಪಕ್ಕ ಇಟ್ಟು ಹೋಲಿಸೋ ಕೆಲಸ ಮಾತ್ರ ಕಷ್ಟ. ಅದು 14ರಲ್ಲೂ ಕಷ್ಟವೇ ಇತ್ತು. ಅಂಥ ಕೆಲಸವನ್ನು ಕರೆಂಟ್ ಇರೋ ಹೊತ್ತಿಗೆ ಎತ್ತಿಟ್ಟರಾಯಿತು.

ಹಾಗಾಗಿ ಕೊನೇ ದಿನ ನಾನು ಟಿಕ್ ಮಾಡಿದ್ದು 13.3ಕ್ಕೆ. ಅದೇ ವಾರ ನನ್ನ ದುಡ್ಡಲ್ಲಿ ಒಂದು 24 ಇಂಚಿನ ಮಾನಿಟರ್ ತಗೊಂಡು, ಬಟ್ಟೆ ಸುತ್ತಿ ಊರಿಗೆ ಸಾಗಿಸಿ ಅಪ್ಪನ ಮೇಜಿನ ಮೇಲೆ ಕೂರಿಸಿದೆ. ಅಪ್ಪ ಲೆಕ್ಕದ ಪುಸ್ತಕ ಬರೆಯುತ್ತಿದ್ದ ಮೇಜು ಅದು. ಅವರು ಹೋದ ಮೇಲೆ ಅದರ ಮೇಲೆ ಹಳೇ ಪೇಪರ್, ಔಷಧಿ ಡಬ್ಬ, ಒಣಗಿಸಿದ ಅಡಿಕೆ ಸ್ಯಾಂಪಲ್ ಎಲ್ಲಾ ಬಂದು ಕೂತಿದ್ದವು. ಅಮ್ಮ ಒಂದು ಮಾತೂ ಆಡದೆ ಎಲ್ಲಾ ತೆಗೆದು ಒರೆಸಿ ಕೊಟ್ಟಳು. ಆಮೇಲೆ ಮಾನಿಟರ್ ನೋಡಿ, “ಇದನ್ನ ವಾಪಸ್ ತಗೊಂಡು ಹೋಗ್ತೀಯಾ?” ಅಂತ ಕೇಳಿದಳು. “ಇಲ್ಲಮ್ಮ, ಇದು ಇಲ್ಲೇ ಇರುತ್ತೆ” ಅಂದೆ. “ಹಂಗಾರೆ ಒಂದು ಬಟ್ಟೆ ಹೊಲೀತೀನಿ, ಧೂಳು ಕೂರಬಾರದು” ಅಂದಳು. ಅದಾಗಿ ಎಷ್ಟೋ ತಿಂಗಳಾಯಿತು. ನಾನು ಯಾವಾಗ ಬರ್ತೀನಿ ಅಂತ ಅವಳು ಫೋನಿನಲ್ಲಿ ಕೇಳೋದು ಕಡಿಮೆ ಆಗಿದೆ. ನನ್ನ ಕೆಲಸದ ಸಾಮಾನು ಅಲ್ಲೇ ಇದೆ ಅಂದ ಮೇಲೆ ಬಂದೇ ಬರ್ತಾಳೆ ಅನ್ನೋ ಧೈರ್ಯ ಇರಬೇಕು.

ಪಹಣಿಯನ್ನು ಈಗ ಅದರಲ್ಲೇ ದೊಡ್ಡದು ಮಾಡಿ ತೋರಿಸುತ್ತೇನೆ. ಅವಳು ನೋಡುವಾಗ ಮಾತ್ರ ಮಾನಿಟರನ್ನು ಮಣೆಯಿಂದ ಕೆಳಗಿಳಿಸಬೇಕು. ಎರಡು ಭಾಗದ ಕನ್ನಡಕದವರಿಗೆ ಪರದೆ ತಗ್ಗಿನಲ್ಲಿದ್ದರೇ ಅನುಕೂಲ, ಇಲ್ಲದಿದ್ದರೆ ಗಲ್ಲ ಮೇಲೆತ್ತಿ ಕುತ್ತಿಗೆ ನೋವು ಮಾಡಿಕೊಳ್ಳುತ್ತಾರೆ. ಈಚೆಗೆ ಬಂದ ಹೊಸ ಪಹಣಿಯಲ್ಲಿ ತನ್ನ ಹೆಸರನ್ನು ಅವಳೇ ಹುಡುಕಿ, ಬೆರಳಿಟ್ಟು ಓದಿದಳು. ವಿಸ್ತೀರ್ಣದ ಅಂಕಿಯನ್ನು ಎರಡು ಸಲ ಓದಿ ಸರಿ ಇದೆ ಅಂದಳು.

ನನ್ನ ಲೆಕ್ಕ ನನ್ನ ಓಡಾಟಕ್ಕೆ ಹೊಂದಿದ್ದು. ನಿಮ್ಮದು ಬೇರೆ ಇರಬಹುದು. ಹಾಸ್ಟೆಲಿನಲ್ಲಿರೋ ಮಗನಿಗೋ ಮಗಳಿಗೋ ಒಂದೇ ಯಂತ್ರ, ಬೇರೆ ಮಾನಿಟರ್ ಇಡಲು ಜಾಗ ಇಲ್ಲ ಅಂದರೆ 14 ಇಂಚಿನ 16:10 ಒಳ್ಳೇ ನಡುದಾರಿ. ಎತ್ತರ ದೊಡ್ಡದರ ಹತ್ತಿರ, ತೂಕ ಚಿಕ್ಕದರ ಹತ್ತಿರ. ಮನೆಯಲ್ಲೇ ಇರೋ ಅಪ್ಪ ಅಮ್ಮನಿಗೆ ಕೊಡಿಸೋದಾದರೆ ತೂಕದ ಮಾತೇ ಬೇಡ, 15.6 ತಗೊಳ್ಳಿ, ಸ್ಕೇಲ್ 150 ಮಾಡಿ ಕೊಡಿ. ದಿನಾ ಮೆಟ್ರೋ, ಬಸ್ಸಿನಲ್ಲಿ ಓಡಾಡಿ ಎರಡೂ ಕಡೆ ಮಾನಿಟರ್ ಇರೋರು ಚಿಕ್ಕದನ್ನು ಧೈರ್ಯವಾಗಿ ತಗೊಳ್ಳಬಹುದು. ತೂಕ ಕೇಳುವಾಗ ಚಾರ್ಜರಿನ ತೂಕವನ್ನೂ ಸೇರಿಸಿ ಕೇಳಿ. ಮನೆಯಲ್ಲಿ ಒಂದು ಅಡಿಗೆ ತಕ್ಕಡಿ ಇದ್ದರೆ ಇನ್ನೂ ಒಳ್ಳೇದು. ಅಂಗಡಿಯಲ್ಲಿ ಕನ್ನಡ ಪತ್ರಿಕೆಯ ಒಂದು ಪುಟ ತೆರೆಸಿ, ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತು ಓದಿ ನೋಡಿ. ಒತ್ತಕ್ಷರ ಸಲೀಸಾಗಿ ಕಂಡರೆ ಉಳಿದದ್ದೆಲ್ಲ ಕಾಣುತ್ತೆ.

ಪರದೆ ಎಷ್ಟೇ ದೊಡ್ಡದಿರಲಿ, ಅದನ್ನು ನೋಡುವಾಗ ರೆಪ್ಪೆ ಮಿಟುಕಿಸೋದು ಕಡಿಮೆ ಆಗಿ ಕಣ್ಣು ಒಣಗುತ್ತೆ. ಅದಕ್ಕೇ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡ್ ನೋಡಿ ಅನ್ನೋದು. ಬೆಂಗಳೂರಿನ ನನ್ನ ಕೋಣೆಯಿಂದ ಆ ದೂರಕ್ಕೆ ಸಿಗೋದು ಎದುರು ಕಟ್ಟಡದ ನೀರಿನ ಟ್ಯಾಂಕು. ಊರಿನ ಕಿಟಕಿಯಿಂದ ಅಡಿಕೆ ಮರದ ತಲೆಗಳು ಕಾಣುತ್ತವೆ. ಅಲ್ಲಿ 20 ಸೆಕೆಂಡ್ ಅನ್ನೋದು ಎಷ್ಟೋ ಸಲ ಐದು ನಿಮಿಷ ಆಗುತ್ತೆ. ಈ ಒಂದು ಅಳತೆಯಲ್ಲಿ ಮಾತ್ರ ನಾನು ಲೆಕ್ಕ ಇಡೋಕೆ ಹೋಗಿಲ್ಲ.